ಖಜಾನೆಯ ನಾಣ್ಯ, ಆಗಸದ ತಾರೆ: ರಾಧಾಗೋವಿಂದ ಚಂದ್ರ

ಖಗೋಳ ವಿಜ್ಞಾನವೆಂದೊಡನೆ ಬೃಹತ್ ದೂರದರ್ಶಕಗಳೂ ವಿಶ್ವವಿದ್ಯಾಲಯಗಳ ಪಂಡಿತರೂ ನಮ್ಮ ಕಣ್ಣ ಮುಂದೆ ಬರುತ್ತಾರೆ. ಆದರೆ ಈ ಶಾಸ್ತ್ರದ ಒಂದು ವಿಭಾಗಕ್ಕೆ ಹವ್ಯಾಸಿಗಳ ನೆರವು ಇಂದಿಗೂ ಬೇಕು. ಅದರಲ್ಲಿ ಭಾರತಕ್ಕೆ ಹೆಸರು ತಂದವರು, ಸರಕಾರಿ ಖಜಾನೆಯಲ್ಲಿ ನಾಣ್ಯಗಳನ್ನು ಪರೀಕ್ಷಿಸುತ್ತಿದ್ದ ರಾಧಾಗೋವಿಂದ ಚಂದ್ರ.

ಅವರು ಜನಿಸಿದ್ದು 1878ರಲ್ಲಿ, ಇಂದಿನ ಬಾಂಗ್ಲಾದೇಶದ ಜೆಸ್ಸೋರ್ ಸಮೀಪದ ಬಾಗಚರ್ ಗ್ರಾಮದಲ್ಲಿ. ಎಂಟ್ರೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾದ ಅವರಿಗೆ ಉನ್ನತ ಶಿಕ್ಷಣದ ಬಾಗಿಲು ಮುಚ್ಚಿತು. ಜೆಸ್ಸೋರ್ ಖಜಾನೆಯಲ್ಲಿ ಅಲ್ಪ ವೇತನದ ನೌಕರಿ ದೊರೆಯಿತು. ಹಗಲು ನಾಣ್ಯ, ಇರುಳು ನಕ್ಷತ್ರ ಎಂಬಂತಾಯಿತು ಅವರ ಬಾಳು. ಊರಿನ ವಕೀಲರಾದ ಕಾಳೀನಾಥ ಮುಖರ್ಜಿಯವರ ಒಡನಾಟದಲ್ಲಿ ತಾರೆಗಳ ಪರಿಚಯ ಬೆಳೆಯಿತು. 1910ರಲ್ಲಿ ಹ್ಯಾಲಿ ಧೂಮಕೇತುವನ್ನು ಬೈನಾಕ್ಯುಲರಿನಿಂದ ವೀಕ್ಷಿಸಿದರು. 1912ರಲ್ಲಿ ಮೂರು ಅಂಗುಲದ ದೂರದರ್ಶಕವೊಂದನ್ನು ಇಂಗ್ಲೆಂಡಿನಿಂದ ತರಿಸಿಕೊಂಡರು.

1918ರ ಜೂನ್ ತಿಂಗಳ ಒಂದು ರಾತ್ರಿ ಗರುಡ ಪುಂಜದಲ್ಲಿ, ಅದುವರೆಗೆ ಕಾಣದಿದ್ದ ಪ್ರಕಾಶಮಾನ ತಾರೆಯೊಂದು ಅವರ ಬರಿಗಣ್ಣಿಗೆ ಬಿದ್ದಿತು. ಅದೊಂದು ನವತಾರೆ. ಅವರು ಅದರ ವಿವರವನ್ನು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಬರೆದು ಕಳುಹಿಸಿದರು. ಹೀಗೆ ಬೆಳೆದ ಸಂಪರ್ಕದಿಂದ, 1911ರಲ್ಲಿ ಸ್ಥಾಪಿತವಾಗಿದ್ದ ಅಮೆರಿಕದ ಚರಕಾಂತಿ ನಕ್ಷತ್ರ ವೀಕ್ಷಕರ ಸಂಘಕ್ಕೆ ಅವರು ಸದಸ್ಯರಾದರು.

ಚರಕಾಂತಿ ನಕ್ಷತ್ರಗಳೆಂದರೆ ಹೊಳಪು ಏರಿಳಿಯುವ ತಾರೆಗಳು. ತಿಮಿಂಗಿಲ ಪುಂಜದ ಮೀರಾ ಎಂಬ ತಾರೆ ಸುಮಾರು 332 ದಿನಗಳಿಗೊಮ್ಮೆ ಬೆಳಗಿ, ಅನಂತರ ಬರಿಗಣ್ಣಿಗೆ ಕಾಣದಂತೆ ಮಂಕಾಗುತ್ತದೆ. ಸ್ಥಿರ ಕಾಂತಿಯ ನೆರೆಯ ತಾರೆಗಳೊಡನೆ ಹೋಲಿಸಿ ಇಂತಹ ತಾರೆಯ ಹೊಳಪನ್ನು ಅಂದಾಜಿಸಬೇಕು. ದಿನಾಂಕ, ವೇಳೆಗಳೊಡನೆ ದಾಖಲಿಸಬೇಕು. ಒಂದು ಅಂದಾಜಿಗೆ ಹೆಚ್ಚಿನ ಬೆಲೆಯಿಲ್ಲ. ಹಲವು ದೇಶಗಳ ವೀಕ್ಷಕರು ದಶಕಗಳ ಕಾಲ ಬರೆದಿಟ್ಟ ಅಂದಾಜುಗಳನ್ನು ಒಟ್ಟುಗೂಡಿಸಿದಾಗ ತಾರೆಯ ಸ್ವಭಾವ ಗೋಚರಿಸುತ್ತದೆ. ದೊಡ್ಡ ದೂರದರ್ಶಕಗಳ ಅಮೂಲ್ಯ ಸಮಯವನ್ನು ಒಂದೇ ತಾರೆಗೆ ವರ್ಷಗಟ್ಟಲೆ ಮೀಸಲಿಡಲು ವಿಜ್ಞಾನಿಗಳಿಗೆ ಸಾಧ್ಯವಿಲ್ಲ. ಹವ್ಯಾಸಿಗಳ ತಾಳ್ಮೆಗೆ ಬೆಲೆ ಬರುವುದು ಇಲ್ಲಿಯೇ.

ಚಂದ್ರ ಅವರ ನಿಷ್ಠೆಯನ್ನು ಮೆಚ್ಚಿದ ಸಂಘವು 1926ರಲ್ಲಿ ಆರೂಕಾಲು ಅಂಗುಲದ ದೂರದರ್ಶಕವನ್ನು ಎರವಲಾಗಿ ಕಳುಹಿಸಿತು. 1954ರವರೆಗೆ ಅವರು ಸಲ್ಲಿಸಿದ ವೀಕ್ಷಣೆಗಳು 37 ಸಾವಿರಕ್ಕೂ ಅಧಿಕ. ದೇಶವಿಭಜನೆಯ ತರುವಾಯ ಅವರು ಹುಟ್ಟೂರನ್ನು ತೊರೆದು ಪಶ್ಚಿಮ ಬಂಗಾಳದ ಬಾರಾಸಾತ್‌ನಲ್ಲಿ ನೆಲೆಸಿದರು. ಮನೆ, ನೆಲ ಹಿಂದುಳಿದವು. ತಾರೆಗಳ ಲೆಕ್ಕ ಮಾತ್ರ ನಿಲ್ಲಲಿಲ್ಲ. ಇಳಿವಯಸ್ಸಿನಲ್ಲಿ ಅವರು ಬಿಟ್ಟುಕೊಟ್ಟ ಆ ದೂರದರ್ಶಕ, ಸಂಘದ ಇಚ್ಛೆಯಂತೆ, ಖ್ಯಾತ ವಿಜ್ಞಾನಿ ವೇಣು ಬಾಪು ಅವರ ಕೈ ಸೇರಿತು. ಮುಂದೆ ಅದು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿರುವ ತಮಿಳುನಾಡಿನ ಕಾವಲೂರು ವೀಕ್ಷಣಾಲಯವನ್ನು ತಲುಪಿತು. ಚಂದ್ರ ಅವರು 1975ರಲ್ಲಿ ನಿಧನರಾದರು.

ಅವರ ನಂತರವೂ ಈ ಪರಂಪರೆ ಮುಂದುವರಿದಿದೆ. ರಾಜಹಂಸ ಪುಂಜದ ಎಸ್‌.ಎಸ್‌. ಸಿಗ್ನಿ ಎಂಬ ಜೋಡಿ ತಾರೆ ಆಗಾಗ ಹಠಾತ್ತನೆ ಪ್ರಜ್ವಲಿಸುತ್ತದೆ. ರೇಡಿಯೋ ದೂರದರ್ಶಕಗಳಿಗೆ ಅದು ಚೆನ್ನಾಗಿ ಸಿಗುವುದು ಆಗ ಮಾತ್ರ. ಆ ಗಳಿಗೆಯನ್ನು ಕಾದು ತಿಳಿಸಿದವರು ಇದೇ ಸಂಘದ ಹವ್ಯಾಸಿಗಳು. ಅವರ ಸಹಾಯದಿಂದ ತಾರೆಯ ದೂರ ಸುಮಾರು 370 ಜ್ಯೋತಿರ್ವರ್ಷವೆಂದು 2013ರಲ್ಲಿ ಪ್ರಕಟವಾಯಿತು. ಹಿಂದಿನ ಹೆಚ್ಚಿನ ಅಂದಾಜಿನಿಂದ ಸಿದ್ಧಾಂತಕ್ಕೆ ಒದಗಿದ್ದ ತೊಡಕು ಇದರಿಂದ ನಿವಾರಣೆಯಾಯಿತು.

ಸಂಜೆ ನಗದು ತಾಳೆಯಾಗದೆ ಮನೆಗೆ ಹೊರಡದ ಬ್ಯಾಂಕ್ ನೌಕರರಾದ ನಮಗೆ ಚಂದ್ರ ಅವರು ಬಹಳ ಹತ್ತಿರದವರೆನಿಸುತ್ತಾರೆ. ಪದವಿಯಿಲ್ಲದ ನೌಕರರೊಬ್ಬರು ದುಡಿದು ದಣಿದ ಮೇಲೂ ಪ್ರಾಮಾಣಿಕವಾಗಿ ಬರೆದಿಟ್ಟ ಲೆಕ್ಕ ಇಂದಿಗೂ ವಿಜ್ಞಾನದ ಆಸ್ತಿಯಾಗಿ ಉಳಿದಿದೆ. ನಮ್ಮ ಮಕ್ಕಳು ಅವರ ಹೆಸರನ್ನು ಅರಿಯಲಿ ಎಂಬುದೇ ನಮ್ಮ ಆಶಯ.