ಛಲಗಾರ ಫ್ಯಾರಡೆ

ವಿದ್ಯುತ್ತಿನ ಇತಿಹಾಸದಲ್ಲಿ ಮೈಕೇಲ್ ಫ್ಯಾರಡೆಯ ಹೆಸರು ಚಿರಸ್ಥಾಯಿಯಾದುದು. ಆದರೆ ಆತನಿಗೆ ಪ್ರಯೋಗಾಲಯದ ಬಾಗಿಲು ಸುಲಭವಾಗಿ ತೆರೆಯಲಿಲ್ಲ.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಲಂಡನ್ ನಗರದ ಬಳಿ, ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದನು. ಓದು, ಬರಹ, ಲೆಕ್ಕಗಳ ಅಲ್ಪ ಶಿಕ್ಷಣವಷ್ಟೇ ಆತನಿಗೆ ದೊರೆಯಿತು. ಹದಿಮೂರನೆಯ ವಯಸ್ಸಿನಲ್ಲಿ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯನ್ನು ಸೇರಿದನು. ಮರುವರ್ಷದಿಂದ ಏಳು ವರ್ಷಗಳ ಕಾಲ ಅಲ್ಲಿಯೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತನು. ಕೈಗೆ ಬಂದ ಗ್ರಂಥಗಳನ್ನು ಬಿಡುವಿನ ವೇಳೆಯಲ್ಲಿ ಓದುವುದು ಆತನ ಅಭ್ಯಾಸವಾಯಿತು. ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನವೂ, ಜೇನ್ ಮಾರ್ಸೆಟ್ ಎಂಬಾಕೆ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಆತನಲ್ಲಿ ವಿಜ್ಞಾನದ ಹಂಬಲವನ್ನು ಮೂಡಿಸಿದವು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಫ್ಯಾರಡೆಗೆ ಕೆಲವು ಪ್ರವೇಶಪತ್ರಗಳನ್ನು ಕೊಟ್ಟನು. ಅವು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಪ್ರಸಿದ್ಧ ರಸಾಯನವಿಜ್ಞಾನಿ ಹಂಫ್ರಿ ಡೇವಿ ನೀಡುತ್ತಿದ್ದ ಉಪನ್ಯಾಸಗಳಿಗೆ ಸಂಬಂಧಿಸಿದ್ದವು. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಏಕಾಗ್ರತೆಯಿಂದ ಕೇಳಿ ಟಿಪ್ಪಣಿ ಮಾಡಿಕೊಂಡನು. ಮನೆಯಲ್ಲಿ ಅವನ್ನು ವಿಸ್ತರಿಸಿ, ಚಿತ್ರಗಳೊಡನೆ ಅಂದವಾಗಿ ಬರೆದನು. ಇನ್ನು ತನ್ನ ಬಾಳು ವಿಜ್ಞಾನಕ್ಕೇ ಮೀಸಲು ಎಂದು ನಿಶ್ಚಯಿಸಿದನು.

ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸ್‌ನಿಗೆ ಪತ್ರ ಬರೆದು, ವಿಜ್ಞಾನಕ್ಕೆ ಸಂಬಂಧಿಸಿದ ಎಂತಹ ಕಿರಿಯ ಕೆಲಸವಾದರೂ ಸರಿಯೆಂದು ಬೇಡಿಕೊಂಡನು. ಉತ್ತರ ಬರಲಿಲ್ಲ. ಫ್ಯಾರಡೆ ಎದೆಗುಂದಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಡೇವಿಗೇ ಪತ್ರ ಬರೆದನು. ಅದರೊಡನೆ ಆ ಟಿಪ್ಪಣಿಗಳನ್ನೂ ಕಳುಹಿಸಿಕೊಟ್ಟನು. ಅವನ್ನು ಕಂಡು ಡೇವಿ ಸಂತೋಷಗೊಂಡನು. 1813ರ ಜನವರಿಯಲ್ಲಿ ತರುಣನನ್ನು ಕರೆಸಿ ಮಾತನಾಡಿದನು. ಆದರೆ ಆಗ ಯಾವ ಸ್ಥಾನವೂ ತೆರವಾಗಿರಲಿಲ್ಲ. ಸದ್ಯಕ್ಕೆ ಕೈಹಿಡಿದ ಕಸುಬನ್ನು ಬಿಡಬಾರದೆಂದು ಬುದ್ಧಿ ಹೇಳಿ ಕಳುಹಿಸಿದನು.

ಕೆಲವೇ ವಾರಗಳಲ್ಲಿ ಪ್ರಯೋಗಾಲಯದ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳೆದುಕೊಂಡನು. ಡೇವಿಗೆ ಒಡನೆಯೇ ಫ್ಯಾರಡೆಯ ನೆನಪಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆಯ ನೇಮಕವಾಯಿತು. ವಾರಕ್ಕೆ 25 ಷಿಲ್ಲಿಂಗ್ ವೇತನ, ಸಂಸ್ಥೆಯ ಮಾಳಿಗೆಯಲ್ಲಿ ಎರಡು ಕೋಣೆಗಳ ವಾಸ. ಉಪಕರಣಗಳನ್ನು ಶುಚಿಗೊಳಿಸಿ ಅಣಿಮಾಡುವುದೂ ಆತನ ಕೆಲಸವಾಗಿತ್ತು. ಫ್ಯಾರಡೆ ಅದನ್ನು ಕೀಳೆಂದು ಎಣಿಸಲಿಲ್ಲ.

ಹನ್ನೆರಡು ವರ್ಷಗಳ ತರುವಾಯ, 1825ರಲ್ಲಿ, ಅದೇ ಪ್ರಯೋಗಾಲಯಕ್ಕೆ ಫ್ಯಾರಡೆಯೇ ನಿರ್ದೇಶಕನಾದನು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. ಇಂದಿನ ವಿದ್ಯುಜ್ಜನಕಗಳಿಗೆ ಈ ತತ್ತ್ವವೇ ಆಧಾರ. 1867ರ ಆಗಸ್ಟ್ 25ರಂದು ಫ್ಯಾರಡೆ ಕಾಲವಾದನು.

ಸ್ಥಾನವು ತೆರವಾದುದು ಆಕಸ್ಮಿಕವಿರಬಹುದು. ಆಗ ಡೇವಿಗೆ ಫ್ಯಾರಡೆಯ ನೆನಪು ಬಂದುದು ಆಕಸ್ಮಿಕವಲ್ಲ. ಆತನು ಬರಿಯ ಮಾತಿನಿಂದ ಕೆಲಸ ಬೇಡಲಿಲ್ಲ. ತನ್ನ ಶ್ರಮದ ಫಲವನ್ನೇ ಮುಂದಿಟ್ಟು ಬೇಡಿದನು. ಒಮ್ಮೆ ನಿರಾಕರಣೆ ಎದುರಾಯಿತೆಂದು ಪ್ರಯತ್ನವನ್ನು ಕೈಬಿಡಲಿಲ್ಲ. ಯೋಗ್ಯತೆಯೊಡನೆ ಛಲವೂ ಕೂಡಿದರೆ ಮುಚ್ಚಿದ ಬಾಗಿಲೂ ತೆರೆದೀತು ಎಂಬುದಕ್ಕೆ ಫ್ಯಾರಡೆಯ ಬಾಳು ಉಜ್ವಲ ನಿದರ್ಶನವಾಗಿದೆ.