ಹೃದಯದೊಳಗಿನ ಕೋಣೆ

ಮನೆಯಲ್ಲಿ ಕುಳಿತು ಪ್ರಾರ್ಥಿಸಲು ನಿಮಗೊಂದು ಜಾಗವಿದೆಯೇ? ಅದಕ್ಕೆ ಪುರುಸೊತ್ತಿದೆಯೇ? ಒಲೆಯ ಮೇಲೆ ಹಾಲು, ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೊರಟ ಮಕ್ಕಳು, ಮುಗಿಯದ ಕೆಲಸ. ಇದರ ನಡುವೆ ಯೇಸುಸ್ವಾಮಿಯಲ್ಲಿ ಒಂದಾಗಿ ಬಾಳುವುದು ಮಠದ ಕನ್ಯಾಸ್ತ್ರೀಯರಿಗೆ ಮಾತ್ರ ಸಾಧ್ಯವೆಂದು ನೀವು ಅಂದುಕೊಂಡಿರಬಹುದು. ಹಾಗಿದ್ದರೆ ಸಿಯೆನಾದ ಸಂತ ಕ್ಯಾಥರಿನಳ ಬಾಳನ್ನು ಸ್ವಲ್ಪ ನೋಡಿ. ಆಕೆ ಮಠ ಸೇರಿದವಳಲ್ಲ. ಆಕೆ ಕ್ರಿಸ್ತರನ್ನು ತನ್ನೊಳಗೆ ಕಾಣಲು ಕಲಿತದ್ದು ಹೆತ್ತವರ ಅಡುಗೆಮನೆಯಲ್ಲಿ.

ಇಟಲಿಯ ಸಿಯೆನಾ ಪಟ್ಟಣದಲ್ಲಿ ಯಾಕೊಪೊ ಬೆನಿನ್‌ಕಾಸಾ ಎಂಬ ಬಟ್ಟೆಗೆ ಬಣ್ಣ ಹಾಕುವವನಿದ್ದ. ಅವನಿಗೂ ಹೆಂಡತಿ ಲಾಪಾಳಿಗೂ ಹುಟ್ಟಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಕ್ಯಾಥರಿನಳೂ ಒಬ್ಬಳು. ಹುಟ್ಟಿದ್ದು 1347ರಲ್ಲಿ. ಮರುವರ್ಷವೇ ಮಹಾಮಾರಿ ಪ್ಲೇಗು ಆ ಊರನ್ನು ಹೊಕ್ಕಿತು. ಆರು ವರ್ಷದವಳಿದ್ದಾಗ ಅಕ್ಕನ ಮನೆಯಿಂದ ಹಿಂತಿರುಗುವ ದಾರಿಯಲ್ಲಿ, ದೇವಾಲಯದ ಮೇಲ್ಗಡೆ ಯೇಸುಸ್ವಾಮಿ ತನ್ನನ್ನು ನೋಡಿ ಮುಗುಳ್ನಗುತ್ತಾ ಆಶೀರ್ವದಿಸಿದ್ದನ್ನು ಕಂಡಳೆಂದು ಆಕೆಯ ಚರಿತ್ರೆ ಹೇಳುತ್ತದೆ. ಆ ಬಳಿಕ ತನ್ನ ಬಾಳು ಅವರಿಗೇ ಮೀಸಲೆಂದು ನಿಶ್ಚಯಿಸಿಕೊಂಡಳು.

ಮಗಳು ಬೆಳೆದಳು. ತಾಯಿಗೆ ಮದುವೆಯ ಚಿಂತೆ. ಕ್ಯಾಥರಿನಳು ಒಪ್ಪಲಿಲ್ಲ, ತಲೆಗೂದಲನ್ನೇ ಕತ್ತರಿಸಿಕೊಂಡಳು. ಮನೆಯವರಿಗೆ ಸಿಟ್ಟು ಬಂದಿತು. ಈ ಹುಡುಗಿಯ ಪ್ರಾರ್ಥನೆಯ ಹುಚ್ಚು ಬಿಡಿಸಬೇಕೆಂದು ಕೆಲಸದವಳನ್ನು ಬಿಡಿಸಿ ಅಡುಗೆ, ಪಾತ್ರೆ, ಬಟ್ಟೆಗಳೆಲ್ಲವನ್ನೂ ಇವಳ ಮೇಲೆ ಹೊರಿಸಿದರು. ಒಂಟಿಯಾಗಿ ಕೂರಲು ಕೋಣೆಯನ್ನೂ ಕೊಡಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಗೊಣಗುತ್ತಾ ಕೆಲಸ ಮಾಡಬಹುದಿತ್ತು. ಕ್ಯಾಥರಿನಳು ಬೇರೊಂದು ದಾರಿ ಹಿಡಿದಳು. ಯಾರೂ ಕಿತ್ತುಕೊಳ್ಳಲಾಗದ ಕೋಣೆಯೊಂದನ್ನು ಹೃದಯದೊಳಗೆ ಕಟ್ಟಿಕೊಂಡು, ಅಲ್ಲಿ ತನ್ನ ಪ್ರಭುವಿನೊಡನೆ ಇರತೊಡಗಿದಳು. ತಂದೆಗೆ ಬಡಿಸುವಾಗ ಯೇಸುಸ್ವಾಮಿಗೆ ಬಡಿಸುತ್ತಿದ್ದೇನೆ, ತಾಯಿಗೆ ಬಡಿಸುವಾಗ ಮಾತೆ ಮರಿಯಮ್ಮನವರಿಗೆ ಬಡಿಸುತ್ತಿದ್ದೇನೆ, ಅಣ್ಣಂದಿರು ಪ್ರೇಷಿತರು ಎಂದು ಭಾವಿಸಿದಳು. ಶಿಕ್ಷೆಯೆಂದು ಕೊಟ್ಟ ಅಡುಗೆಮನೆ ಆಕೆಗೆ ದೇವಾಲಯವಾಯಿತು. ಒಂದು ದಿನ ಪ್ರಾರ್ಥಿಸುತ್ತಿದ್ದ ಮಗಳ ತಲೆಯ ಮೇಲೆ ಬಿಳಿಯ ಪಾರಿವಾಳವನ್ನು ಕಂಡ ತಂದೆ, ಇನ್ನು ಮುಂದೆ ಯಾರೂ ಅವಳನ್ನು ತಡೆಯಬಾರದೆಂದು ಮನೆಯವರಿಗೆಲ್ಲ ಅಪ್ಪಣೆ ಮಾಡಿದ.

ಅನಂತರ ಆಕೆ ಸಂತ ದೋಮಿನಿಕರ ಸಭೆಗೆ ಸೇರಿದ ಶ್ರೀಸಾಮಾನ್ಯ ಸ್ತ್ರೀಯರ ಬಳಗವನ್ನು ಸೇರಿದಳು. ಅವರಲ್ಲಿ ಹೆಚ್ಚಿನವರು ವಿಧವೆಯರು; ಬಿಳಿ ಉಡುಪಿನ ಮೇಲೆ ಕರಿಯ ಮೇಲಂಗಿ ಹೊದ್ದು ತಮ್ಮ ತಮ್ಮ ಮನೆಗಳಲ್ಲೇ ವಾಸಿಸುತ್ತಿದ್ದರು. ಕ್ಯಾಥರಿನಳೂ ತಂದೆಯ ಮನೆಯ ಚಿಕ್ಕ ಕೋಣೆಯಲ್ಲಿ ಸುಮಾರು ಮೂರು ವರ್ಷ ಮೌನವಾಗಿ ಕಳೆದಳು. ಹೊರಗೆ ಹೋದರೆ ದೇವಾಲಯಕ್ಕೆ ಮಾತ್ರ.

ಆ ಮೂರು ವರ್ಷ ಸುಖವಾಗಿತ್ತೆಂದು ತಿಳಿಯಬೇಡಿ. ಕೆಟ್ಟ ಯೋಚನೆಗಳು ಹಗಲಿರುಳು ಮುತ್ತಿಕೊಂಡವು. ಪ್ರಾರ್ಥಿಸಲು ಕುಳಿತರೆ ಮನಸ್ಸು ಒಣಗಿಹೋಗುತ್ತಿತ್ತು. ಪ್ರಭು ತನ್ನನ್ನು ಕೈಬಿಟ್ಟರೆಂದೇ ತೋರಿತು. ಆದರೂ ಪ್ರಾರ್ಥನೆಯನ್ನು ಬಿಡಲಿಲ್ಲ. ಕೊನೆಗೆ ಶಾಂತಿ ಮರಳಿದಾಗ, ಇಷ್ಟು ದಿನ ಎಲ್ಲಿದ್ದಿರಿ ಎಂದು ಪ್ರಭುವನ್ನು ಕೇಳಿದಳಂತೆ. ನಿನ್ನ ಹೃದಯದಲ್ಲೇ ಇದ್ದೆ ಎಂಬ ಉತ್ತರ ಬಂದಿತಂತೆ. ಆ ಯೋಚನೆಗಳು ಆಕೆಗೆ ಹಿತವಾಗದೆ ನೋವು ಕೊಟ್ಟದ್ದೇ ಪ್ರಭು ಒಳಗಿದ್ದುದಕ್ಕೆ ಗುರುತಾಗಿತ್ತು. ಪ್ರಾರ್ಥನೆಯಲ್ಲಿ ರುಚಿ ಸಿಗದೆ ಬೇಸತ್ತವರೇ, ಈ ಘಟನೆಯನ್ನು ನೆನಪಿಡಿ.

1368ರಲ್ಲಿ, ತಪಸ್ಸುಕಾಲಕ್ಕೆ ಮುನ್ನ ಊರೆಲ್ಲ ಮೋಜಿನಲ್ಲಿ ಮುಳುಗಿದ್ದ ದಿನ, ಯೇಸುಸ್ವಾಮಿ ತನ್ನ ಬೆರಳಿಗೆ ಉಂಗುರ ತೊಡಿಸಿ ತನ್ನನ್ನು ವಧುವಾಗಿ ಸ್ವೀಕರಿಸಿದ್ದನ್ನು ಆಕೆ ದರ್ಶನದಲ್ಲಿ ಕಂಡಳು. ಆ ಉಂಗುರ ಆಕೆಯ ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಕ್ರಿಸ್ತರೊಡನೆ ಇಷ್ಟು ಒಂದಾದವಳು ಇನ್ನು ಕೋಣೆಯ ಬಾಗಿಲನ್ನೇ ತೆರೆಯಲಾರಳು ಎಂದು ನಾವು ಎಣಿಸುತ್ತೇವೆ. ಆದರೆ ಸ್ವಲ್ಪ ದಿನಗಳಲ್ಲೇ ಒಳಗಿನ ಪ್ರಭು ಆಕೆಗೆ ಹೇಳಿದ್ದು, ಹೊರಗೆ ಹೋಗಿ ಮನೆಯವರೊಡನೆ ಊಟಕ್ಕೆ ಕುಳಿತುಕೋ ಎಂದು! ಆಕೆ ಅತ್ತಳು. ತನ್ನಿಂದ ಏನು ತಪ್ಪಾಯಿತೆಂದು ಹೆದರಿದಳು. ದೇವರನ್ನು ಪ್ರೀತಿಸುವವರು ನೆರೆಯವರನ್ನೂ ಪ್ರೀತಿಸಬೇಕು, ಎರಡು ಕಾಲಿದ್ದರೇ ನಡೆಯಲಾದೀತು ಎಂಬುದು ಅಂದು ಆಕೆಗೆ ದೊರೆತ ಪಾಠ. ಕಣ್ಣೊರೆಸಿಕೊಂಡು ಊಟದ ಮನೆಗೆ ಬಂದಳು.

ಅಲ್ಲಿಂದ ಆಕೆಯ ಹೆಜ್ಜೆ ನಿಲ್ಲಲಿಲ್ಲ. ಬಡವರ ಮನೆಗೆ ಕಾಳು ಹೊತ್ತಳು. ಬೇರೆಯವರು ಹತ್ತಿರ ಸೇರಿಸದ ಕುಷ್ಠರೋಗಿಯನ್ನು ತೊಳೆದು ಉಪಚರಿಸಿದಳು. ಆಂಡ್ರಿಯಾ ಎಂಬ ವಿಧವೆಗೆ ಎದೆಯಲ್ಲಿ ಕೊಳೆತ ಹುಣ್ಣಾಗಿತ್ತು. ಕ್ಯಾಥರಿನಳು ದಿನವೂ ಹೋಗಿ ಶುಶ್ರೂಷೆ ಮಾಡುತ್ತಿದ್ದಳು. ಆ ಹೆಂಗಸೇ ಈಕೆಯ ಶೀಲದ ಮೇಲೆ ಅಪವಾದ ಹೊರಿಸಿದಳು. ಇನ್ನು ಆ ಮನೆಗೆ ಹೋಗಕೂಡದೆಂದು ತಾಯಿ ಲಾಪಾ ಗದರಿಸಿದಳು. ಮಗಳು ತಾಯಿಯ ಕಾಲಿಗೆ ಬಿದ್ದು ಒಪ್ಪಿಸಿ ಮತ್ತೆ ಹೋದಳು. ಕೊನೆಗೆ ಆಂಡ್ರಿಯಾಳೇ ತಪ್ಪೊಪ್ಪಿಕೊಂಡಳು.

ತನ್ನೊಳಗೆ ಕೇಳಿದ್ದೇ ಸರಿಯೆಂದು ಆಕೆ ಹಟ ಹಿಡಿದವಳಲ್ಲ ಎಂಬುದನ್ನೂ ಗಮನಿಸಿ. ತನ್ನ ಅನುಭವಗಳನ್ನೆಲ್ಲ ಪಾಪನಿವೇದನೆ ಕೇಳುವ ಗುರುಗಳ ಮುಂದೆ ತೆರೆದಿಟ್ಟಳು. 1374ರಿಂದ ಕಪುವಾದ ರೇಮಂಡ್ ಎಂಬ ದೋಮಿನಿಕ್ ಸಭೆಯ ಗುರುಗಳು ಆಕೆಗೆ ಆತ್ಮಿಕ ಮಾರ್ಗದರ್ಶಕರಾದರು. ಆರಂಭದಲ್ಲಿ ಅವರಿಗೂ ಸಂಶಯವಿತ್ತು. ಪರೀಕ್ಷಿಸಿ ನೋಡಿದ ಮೇಲೆಯೇ ನಂಬಿದರು. ಆಕೆಯ ಚರಿತ್ರೆ ಬರೆದವರೂ ಅವರೇ. ಅದೇ ವರ್ಷ ಪ್ಲೇಗು ಮರಳಿ ಬಂದಾಗ ಊರು ಬಿಟ್ಟು ಓಡದೆ ಇಬ್ಬರೂ ರೋಗಿಗಳ ಸೇವೆಗೆ ನಿಂತರು. ಮರಣದಂಡನೆಗೆ ಗುರಿಯಾಗಿ ಕಂಗೆಟ್ಟಿದ್ದ ಯುವಕನೊಬ್ಬನ ಬಳಿಗೂ ಆಕೆ ಹೋದಳು. ಬಲಿಪೂಜೆಯಲ್ಲಿ ಅವನ ಜೊತೆಗಿದ್ದು, ಶಿರಚ್ಛೇದನದ ಕಟ್ಟೆಯ ಮೇಲೆ ಅವನ ತಲೆಯನ್ನು ತನ್ನ ಕೈಯಲ್ಲೇ ಹಿಡಿದಳು.

ಆಗ ಜಗದ್ಗುರುಗಳು ರೋಮ್ ಬಿಟ್ಟು ಫ್ರೆಂಚ್ ನಾಡಿನ ಅವಿಞೋನ್‌ನಲ್ಲಿ ನೆಲೆಸಿ ಸುಮಾರು ಎಪ್ಪತ್ತು ವರ್ಷಗಳಾಗಿದ್ದವು. 1376ರಲ್ಲಿ ಬಣ್ಣದವನ ಈ ಮಗಳು ಅಲ್ಲಿಗೆ ಹೋಗಿ, ರೋಮ್‌ಗೆ ಮರಳಬೇಕೆಂದು 11ನೆಯ ಗ್ರೆಗೊರಿಯವರನ್ನು ಧೈರ್ಯವಾಗಿ ಬೇಡಿಕೊಂಡಳು. 1377ರ ಜನವರಿಯಲ್ಲಿ ಅವರು ರೋಮ್ ಪ್ರವೇಶಿಸಿದರು. ಆದರೆ ಮರುವರ್ಷವೇ ಅವರು ತೀರಿಕೊಂಡು, ಇಬ್ಬರು ಜಗದ್ಗುರುಗಳ ಹೆಸರಿನಲ್ಲಿ ಧರ್ಮಸಭೆ ಒಡೆಯಿತು. ಆ ಒಡಕು ವಾಸಿಯಾಗುವುದನ್ನು ಕಾಣುವ ಭಾಗ್ಯ ಆಕೆಗಿರಲಿಲ್ಲ. ರೋಮ್‌ನಲ್ಲಿ ಧರ್ಮಸಭೆಗಾಗಿ ಪ್ರಾರ್ಥಿಸುತ್ತಾ, ದೇಹ ಸವೆದು, 1380ರ ಏಪ್ರಿಲ್ 29ರಂದು 33ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು. ಶಾಲೆಯ ಮುಖ ಕಾಣದೆ, ಬಹುತೇಕ ಹೇಳಿ ಬರೆಸಿದ ಸುಮಾರು 380 ಪತ್ರಗಳೂ ಒಂದು ಗ್ರಂಥವೂ ಉಳಿದಿವೆ. 1970ರಲ್ಲಿ ಆರನೆಯ ಪೌಲರು ಆಕೆಯನ್ನು ಧರ್ಮಸಭೆಯ ಪಂಡಿತಳೆಂದು ಘೋಷಿಸಿದರು.

ಪ್ರಿಯರೇ, ಒಳಗೆ ಕೇಳುವ ದನಿ ಯೇಸುಸ್ವಾಮಿಯದೋ ನಮ್ಮ ಆಸೆಯದೋ ಎಂಬ ಗೊಂದಲ ನಮಗೆಲ್ಲ ಇದೆ. ಕ್ಯಾಥರಿನಳ ಬಾಳು ಒಂದು ಗುರುತು ಕೊಡುತ್ತದೆ. ಆ ದನಿ ನಿಮ್ಮನ್ನು ಎಲ್ಲಿಗೆ ಕಳುಹಿಸುತ್ತದೆ ನೋಡಿ. ಮಾತು ಬಿಟ್ಟ ತಮ್ಮನ ಬಳಿಗೆ, ಹಾಸಿಗೆ ಹಿಡಿದ ಅತ್ತೆಯ ಬಳಿಗೆ, ನಿಮ್ಮ ಹೆಸರು ಕೆಡಿಸಿದವರ ಬಳಿಗೆ ಕಳುಹಿಸುತ್ತಿದ್ದರೆ ಹೆದರದೆ ಎದ್ದು ಹೋಗಿ. ಸಂಶಯವಿದ್ದರೆ ಗುರುಗಳಲ್ಲಿ ಕೇಳಿ. ಇಂದು ರಾತ್ರಿ ಮನೆಯವರಿಗೆ ಅನ್ನ ಬಡಿಸುವಾಗ, ಯಾರಿಗೆ ಬಡಿಸುತ್ತಿದ್ದೇನೆಂದು ಒಂದು ಕ್ಷಣ ನೆನೆಯಿರಿ. ಹೃದಯದೊಳಗಿನ ಆ ಕೋಣೆಯ ಬಾಗಿಲು ಅಲ್ಲೇ ತೆರೆಯುತ್ತದೆ.