ಪದಗಳ ನೇಕಾರ ಕಿಟೆಲ್

ಇಂಗ್ಲಿಷ್ ಪೀರಿಯಡ್‌ನಲ್ಲಿ ‘ವೀವ್’ ಎಂಬ ಕ್ರಿಯಾಪದ ಬಂದರೆ ‘ನೇಯು’ ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತೇವೆ. ಹೀಗೆ ಒಂದು ಪದಕ್ಕೆ ಒಂದು ಪದ ಬರೆದು ತೃಪ್ತರಾಗದ ಒಬ್ಬರಿದ್ದರು: ರೆವರೆಂಡ್ ಫರ್ಡಿನೆಂಡ್ ಕಿಟೆಲ್.

1832ರಲ್ಲಿ ಜರ್ಮನಿಯ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಕಿಟೆಲ್, 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಧಾರವಾಡ ಸೀಮೆಗೆ ಬಂದರು. ಅದೇ ಮಿಷನ್ನಿನ ಕೇಂದ್ರ ನಮ್ಮ ಗುಳೇದಗುಡ್ಡದಲ್ಲೂ ಇತ್ತು. ಮುಂದೆ ಮಡಿಕೇರಿ, ಮಂಗಳೂರು. 1864ರಲ್ಲಿ ಪತ್ನಿ ಪೌಲಿನ್ ತೀರಿಕೊಂಡರು, ಬರವಣಿಗೆ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಇವೆಲ್ಲ ದೊಡ್ಡ ಕೆಲಸಕ್ಕೆ ತಯಾರಿಯಂತಿದ್ದವು. ಹಳೆಯ ಕಾವ್ಯಗಳಿಂದ, ಗಾದೆಗಳಿಂದ, ಜನರ ಮಾತಿನಿಂದ ಪದಗಳನ್ನು ಕೂಡಿಹಾಕಿ, ಅರ್ಥ, ಬಳಕೆ, ಮೂಲ ಮೂರನ್ನೂ ಹುಡುಕಿದರು. ತಮಿಳು, ತೆಲುಗು, ತುಳು, ಮಲಯಾಳದ ಸಂಬಂಧಿ ಪದಗಳನ್ನೂ ಪಕ್ಕದಲ್ಲಿಟ್ಟರು. ನಮ್ಮ ‘ನೇಯು’ ತೆಲುಗಿನಲ್ಲೂ ‘ನೇಯು’, ತಮಿಳಿನಲ್ಲಿ ‘ನೆಯ್’ ಎಂಬುದು ಇಂಥ ಹೋಲಿಕೆಯಿಂದಲೇ ತಿಳಿಯುವ ಮಾತು. ಅದೇ ಕಣ್ಣಿನಿಂದ ‘ವೀವ್’ ನೋಡಿದರೆ, ನಾವು ಮೊಬೈಲಿನಲ್ಲಿ ತೆರೆಯುವ ‘ವೆಬ್’ ಅದರ ಒಡಹುಟ್ಟು. ಮೊದಲು ನೇಯ್ದ ಬಟ್ಟೆ, ಆಮೇಲೆ ಜೇಡರ ಬಲೆ, ಈಗ ಅಂತರ್ಜಾಲ. ಬಳಕೆ ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಅಲ್ಲ. ಇಂಗ್ಲಿಷಿನವರು ಕಥೆಯನ್ನೂ ನೇಯುತ್ತಾರೆ, ನಾವು ಹೆಣೆಯುತ್ತೇವೆ. ಇಳಕಲ್ಲಿನ ಮಗ್ಗದ ಮನೆಯ ಹುಡುಗಿಗೆ ನೇಯುವುದು ಬೇರೆ, ಹೆಣೆಯುವುದು ಬೇರೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಕಿಟೆಲ್ಲರು ಹಿಂದೂಸ್ತಾನಿಯಿಂದ ಬಂದ ಪದಗಳನ್ನು ಹೊರಗಿನವೆಂದು ಬಿಡಲಿಲ್ಲ, ಮೂಲ ಗುರುತಿಸಿ ಸೇರಿಸಿಕೊಂಡರು. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ ಆಡುವ ನಮ್ಮಲ್ಲಿ ಹಲವರಿಗೆ ಇದು ಸಣ್ಣ ವಿಷಯವಲ್ಲ. ‘ಬದಲಿಸು’ ಎಂಬುದನ್ನೇ ನೋಡಿ: ಅರಬ್ಬಿಯ ‘ಬದಲ್’ಗೆ ಕನ್ನಡದ ‘ಇಸು’ ಸೇರಿದೆ, ಸೀರೆಯ ಒಡಲಿಗೆ ಸೆರಗು ಕೂಡಿಸಿದ ಹಾಗೆ.

ನಡುವೆ ಜರ್ಮನಿಗೆ ಹೋದವರು ನಿಘಂಟಿಗಾಗಿ 1883ರಲ್ಲಿ ಮತ್ತೆ ಬಂದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಅಷ್ಟರಲ್ಲಿ ಅವರು ಜರ್ಮನಿಗೆ ಮರಳಿದ್ದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಆ ಡಿಸೆಂಬರಿನಲ್ಲೇ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.